ಲಾಖ್ ಲೋಮಂಡ್‌ಗೆ ಹೊರಟವರಿಗೆ: ಗಾಳ, ದೋಣಿ ಮತ್ತು ನಡಿಗೆಯ ಮೂರು ದಿನ

ಸ್ಕಾಟ್ಲೆಂಡಿನವರು ಸರೋವರವನ್ನು ‘ಲಾಖ್’ ಎನ್ನುತ್ತಾರೆ. ಉರ್ದು ಬಲ್ಲವರು ‘ಖಬರ್’ ಎನ್ನುವಾಗ ಗಂಟಲಿನಿಂದ ಹೊರಡಿಸುವ ಖಕಾರವೇ ಈ ಪದದ ಕೊನೆಯಲ್ಲಿದೆ. ಲಂಡನ್ನಿನಿಂದ ಬಂದವರು ಅದನ್ನು ‘ಲಾಕ್’ ಎಂದಾಗ ಸ್ಥಳೀಯರು ಸಣ್ಣಗೆ ನಗುತ್ತಾರೆ. ಕನ್ನಡಿಗರಿಗೆ ಆ ಅಪಾಯ ಕಡಿಮೆ. ಗ್ಲಾಸ್ಗೋ ನಗರದ ವಾಯುವ್ಯಕ್ಕೆ, ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಲಾಖ್ ಲೋಮಂಡ್ ವಿಸ್ತೀರ್ಣದಲ್ಲಿ ಇಡೀ ಗ್ರೇಟ್ ಬ್ರಿಟನ್ನಿನಲ್ಲೇ ದೊಡ್ಡ ಸಿಹಿನೀರಿನ ಸರೋವರವಾಗಿದ್ದು, ಸುಮಾರು 71 ಚದರ ಕಿಲೋಮೀಟರ್ ಹರಡಿಕೊಂಡಿದೆ. ಗ್ಲಾಸ್ಗೋದಲ್ಲಿ ಓದುತ್ತಿರುವ ಅಥವಾ ಕೆಲಸ ಮಾಡುತ್ತಿರುವ ಮಕ್ಕಳನ್ನು ನೋಡಲು ಊರಿನಿಂದ ಬರುವ ತಂದೆತಾಯಂದಿರನ್ನು ಮೊದಲ ವಾರಾಂತ್ಯದಲ್ಲೇ ಇಲ್ಲಿಗೆ ಕರೆತರುವುದು ವಾಡಿಕೆ. ಬಹುಪಾಲು ಜನ ಬಸ್ಸಿನಿಂದಿಳಿದು, ದಡದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಒಂದು ಐಸ್‌ಕ್ರೀಮ್ ತಿಂದು ಹಿಂತಿರುಗುತ್ತಾರೆ. ಈ ಬರಹ ಅವರಿಗಾಗಿ ಅಲ್ಲ. ಮೂರು ದಿನ ಬಿಡುವು ಮಾಡಿಕೊಂಡು ಒಂದು ದಿನ ಗಾಳ ಹಾಕಿ, ಒಂದು ದಿನ ಹುಟ್ಟು ಹಾಕಿ, ಒಂದು ದಿನ ಬೆಟ್ಟ ಹತ್ತಬೇಕೆನ್ನುವವರಿಗಾಗಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ದಿನ ಏನು ಮಾಡಬೇಕೆಂಬುದನ್ನು ಮನೆಯಲ್ಲೇ ಕುಳಿತು ನಿರ್ಧರಿಸಬೇಡಿ. ಅದನ್ನು ಗಾಳಿಗೆ ಬಿಡಿ. ಮಳೆಯನ್ನು ಇಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಹೇಗೂ ಬರುತ್ತದೆ. ದಿನವನ್ನು ಕೆಡಿಸುವುದೂ ಉಳಿಸುವುದೂ ಗಾಳಿಯೇ.

ಮೊದಲು ಸರೋವರದ ಆಕಾರ ತಿಳಿಯಿರಿ

ಲಾಖ್ ಲೋಮಂಡ್ ದಕ್ಷಿಣದಿಂದ ಉತ್ತರಕ್ಕೆ ಸುಮಾರು 36 ಕಿಲೋಮೀಟರ್ ಉದ್ದವಿದೆ. ಆದರೆ ಅದು ಒಂದೇ ಸ್ವಭಾವದ ನೀರಲ್ಲ. ದಕ್ಷಿಣದ ಭಾಗ ಅಗಲವಾಗಿ, ಆಳ ಕಡಿಮೆಯಾಗಿ, ದ್ವೀಪಗಳಿಂದ ತುಂಬಿದೆ. ಅಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ಎಂಟು ಕಿಲೋಮೀಟರಿನಷ್ಟು ದೂರವೂ ಇದೆ. ಉತ್ತರದ ಭಾಗವನ್ನು ಹಿಮನದಿ ಬೆಟ್ಟಗಳ ನಡುವೆ ಕೊರೆದು ಮಾಡಿದ್ದರಿಂದ ಅದು ಕಾಲುವೆಯಂತೆ ಕಿರಿದಾಗಿ, ಕೆಲವೆಡೆ 190 ಮೀಟರಿನಷ್ಟು ಆಳವಾಗಿದೆ. ಈ ಎರಡು ಲೋಕಗಳ ಗಡಿಯಲ್ಲೇ ಹೈಲ್ಯಾಂಡ್ ಬೌಂಡರಿ ಫಾಲ್ಟ್ ಎಂಬ ಭೂಸ್ತರಭಂಗ, ಅಂದರೆ ನೆಲದಾಳದ ಬಂಡೆಗಳು ಸೀಳಿ ಸರಿದ ಗೆರೆ, ಹಾದುಹೋಗುತ್ತದೆ. ಹೊಸಬರು ದೋಣಿ ನಡೆಸಬೇಕಾದದ್ದು ದಕ್ಷಿಣದಲ್ಲಿ, ದ್ವೀಪಗಳ ಮರೆಯಲ್ಲಿ. ಉತ್ತರದ ನೀರನ್ನು ದೊಡ್ಡ ಪ್ರವಾಸಿ ಬೋಟಿನಲ್ಲಿ ಕುಳಿತು ನೋಡಿದರೆ ಸಾಕು.

ತಂಗಲು ನಾನು ಪೂರ್ವದಡದ ಬಾಲ್ಮಹಾ ಊರನ್ನೇ ಸೂಚಿಸುತ್ತೇನೆ. ಪಶ್ಚಿಮದಡದ ಲಸ್ ಹಳ್ಳಿ ನೋಡಲು ಚೆಂದ, ಬಸ್ಸುಗಳೂ ಹೆಚ್ಚು. ಆದರೆ ಬಾಲ್ಮಹಾದಲ್ಲಿ ದೋಣಿಕಟ್ಟೆ, ಬೆಟ್ಟದ ದಾರಿ, ಎದುರಿಗೊಂದು ದ್ವೀಪ ಮೂರೂ ನಡಿಗೆಯ ದೂರದಲ್ಲಿವೆ. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಬ್ಯಾಲಖ್‌ಗೆ ಸುಮಾರು ಐವತ್ತು ನಿಮಿಷದ ರೈಲು ಪ್ರಯಾಣ, ಅಲ್ಲಿಂದ ಡ್ರಿಮೆನ್ ಮಾರ್ಗವಾಗಿ ಬಾಲ್ಮಹಾಕ್ಕೆ ಬಸ್ಸು. ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಅದು ನೀವು ಊಹಿಸುವುದಕ್ಕಿಂತ ಬೇಗ ಹೊರಡುತ್ತದೆ. ಕಾರಿನಲ್ಲಿ ಬರುವವರು ವಾರಾಂತ್ಯದಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ತಲುಪದಿದ್ದರೆ ವಾಹನ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ರಸ್ತೆಬದಿಯಲ್ಲಿ ನಿಲ್ಲಿಸಿ ಹೋದರೆ ದಂಡ ತಪ್ಪುವುದಿಲ್ಲ. ಕುಡಿದು ವಾಹನ ಚಲಾಯಿಸುವ ಮಿತಿ ಇಂಗ್ಲೆಂಡಿಗಿಂತ ಸ್ಕಾಟ್ಲೆಂಡಿನಲ್ಲಿ ಕಡಿಮೆ, 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ಮಧ್ಯಾಹ್ನದ ಊಟದೊಂದಿಗೆ ಒಂದು ಬಿಯರ್ ಎನ್ನುವವರು ಚಾಲಕನ ಆಸನವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ತಿಂಗಳುಗಳಲ್ಲಿ ಮೇ ಮತ್ತು ಸೆಪ್ಟೆಂಬರ್ ನನ್ನ ಆಯ್ಕೆ. ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ ನಿಜ, ಆದರೆ ಮಿಡ್ಜ್ ಎಂಬ ಸೂಕ್ಷ್ಮ ನೊಣದ ಕಾಟವೂ ಆಗಲೇ ಏರುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು.

ಎರಡನೆಯದಾಗಿ, ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ

ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಎಂಬುದೊಂದಿದೆ. ನಮ್ಮಲ್ಲಿ ಭೂಸುಧಾರಣೆ ಎಂದೊಡನೆ ‘ಉಳುವವನೇ ಹೊಲದೊಡೆಯ’ ನೆನಪಾಗುತ್ತದೆ. ಇವರ ಕಾಯ್ದೆಯ ಒಂದು ಭಾಗ ನಡೆಯುವವನ ಹಕ್ಕನ್ನು ಕುರಿತದ್ದು. ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆಗಲಿ, ಜಮೀನು ಖಾಸಗಿಯವರದ್ದಾಗಿದ್ದರೂ ಅದರ ಮೇಲೆ ಹಾದುಹೋಗಬಹುದು, ಸೈಕಲ್ ತುಳಿಯಬಹುದು, ಸರೋವರದಲ್ಲಿ ಈಜಬಹುದು, ಹುಟ್ಟು ಹಾಕುವ ದೋಣಿ ನಡೆಸಬಹುದು. ಮನೆಯಂಗಳ, ಬೆಳೆ ನಿಂತ ಹೊಲ ಮುಂತಾದವು ಇದಕ್ಕೆ ಹೊರತು. ಆದರೆ ಇದೇ ಹಕ್ಕು ಮೋಟಾರು ದೋಣಿಗೂ ಮೀನು ಹಿಡಿಯುವುದಕ್ಕೂ ಅನ್ವಯಿಸುವುದಿಲ್ಲ. ಈ ಗೆರೆಯನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ನಡೆಯಲು ಯಾರನ್ನೂ ಕೇಳಬೇಕಿಲ್ಲ. ಗಾಳ ಹಾಕಲು ಕೇಳಲೇಬೇಕು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಗೆಳೆಯರು ಇಲ್ಲಿ ಎಡವುತ್ತಾರೆ. ಅಲ್ಲಿ ಸರ್ಕಾರ ಕೊಡುವ ರಾಡ್ ಲೈಸೆನ್ಸ್ ಸಾಮಾನ್ಯವಾಗಿ ಎಲ್ಲರಿಗೂ ಪರಿಚಿತ. ಅದು ಇಲ್ಲಿ ನಡೆಯುವುದೂ ಇಲ್ಲ, ಲಾಖ್ ಲೋಮಂಡ್‌ನಲ್ಲಿ ಅಂಥದೊಂದು ಬೇಕಾಗಿಯೂ ಇಲ್ಲ. ಇಲ್ಲಿ ಬೇಕಾದದ್ದು ಮೀನುಗಾರಿಕೆಯ ಹಕ್ಕು ಹೊಂದಿರುವವರ ಪರವಾನಗಿ. ಲಾಖ್ ಲೋಮಂಡ್ ಆ್ಯಂಗ್ಲಿಂಗ್ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಎಂಬ ಸಂಘ ದಿನದ ಪರ್ಮಿಟ್ ಕೊಡುತ್ತದೆ. ಪರ್ಮಿಟ್ ಯಾವ ಮೀನಿಗೆ, ಯಾವ ಭಾಗದ ನೀರಿಗೆ ಅನ್ವಯಿಸುತ್ತದೆ ಎಂಬುದನ್ನು ಓದಿಯೇ ಹಣ ಕಟ್ಟಿ, ಅದರ ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಸಾಲ್ಮನ್ ಮೀನಿನ ವಿಷಯದಲ್ಲಿ ಹಕ್ಕಾಗಲಿ ಲಿಖಿತ ಅನುಮತಿಯಾಗಲಿ ಇಲ್ಲದೆ ಗಾಳ ಹಾಕುವುದು ಅಪರಾಧ.

ದಡದಲ್ಲಿ ಟೆಂಟ್ ಹಾಕುವ ಆಸೆಯಿದ್ದರೆ ಇನ್ನೊಂದು ನಿಯಮವಿದೆ. ಈ ಪ್ರದೇಶ 2002ರಿಂದ ರಾಷ್ಟ್ರೀಯ ಉದ್ಯಾನ, ಸ್ಕಾಟ್ಲೆಂಡಿನಲ್ಲಿ ಮೊದಲನೆಯದು. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಗೊತ್ತುಪಡಿಸಿದ ದಡಗಳಲ್ಲಿ ಪರವಾನಗಿ ಇಲ್ಲದೆ ಟೆಂಟ್ ಹಾಕುವಂತಿಲ್ಲ.

ಗಾಳಿಯನ್ನು ಓದುವ ಬಗೆ

ಹಿಂದಿನ ರಾತ್ರಿ ಮೆಟ್ ಆಫೀಸಿನ ಮುನ್ಸೂಚನೆಯಲ್ಲಿ ಮೂರು ದಿನಗಳ ಗಾಳಿಯ ವೇಗವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗಂಟೆಗೆ ಹತ್ತು ಕಿಲೋಮೀಟರಿಗಿಂತ ಕಡಿಮೆ ಇದ್ದರೆ ನೀರು ಕನ್ನಡಿಯಂತೆ ನಿಲ್ಲುತ್ತದೆ. ಫೋಟೋಕ್ಕೆ ಅದು ಹಬ್ಬ, ಆದರೆ ಟ್ರೌಟ್ ಮೀನು ದೋಣಿಯ ನೆರಳನ್ನು ಕಂಡು ದೂರ ಸರಿಯುತ್ತದೆ, ಮಿಡ್ಜ್‌ಗಳು ಮುತ್ತಿಕೊಳ್ಳುತ್ತವೆ. ಹತ್ತರಿಂದ ಹದಿನೆಂಟರ ನಡುವೆ ಇದ್ದರೆ ನೀರಿನ ಮೇಲೆ ಸಣ್ಣ ತೆರೆ ಏಳುತ್ತದೆ, ಮಿಡ್ಜ್ ಹಾರಲಾರದು, ಗಾಳಕ್ಕೂ ದೋಣಿಗೂ ಇದೇ ಹದ. ಇಪ್ಪತ್ತು ದಾಟಿ ಅಲೆಗಳ ತುದಿಯಲ್ಲಿ ಬಿಳಿ ನೊರೆ ಸಾಲುಸಾಲಾಗಿ ಕಾಣತೊಡಗಿದರೆ ಹೊಸಬರು ದೋಣಿ ಹತ್ತಬಾರದು. ಆ ದಿನವನ್ನು ನಡಿಗೆಗೆ ಇಟ್ಟುಕೊಳ್ಳಿ. ಇನ್ನೂ ಜೋರಾದರೆ ದೊಡ್ಡ ಬೆಟ್ಟವನ್ನೂ ಬಿಟ್ಟು ಮರಗಳ ನಡುವಿನ ದಡದ ದಾರಿಯನ್ನು ಹಿಡಿಯಿರಿ. ಇಷ್ಟು ಮಾಡಿದರೆ ಮೂರು ದಿನಗಳ ವೇಳಾಪಟ್ಟಿ ತಾನೇ ಸಿದ್ಧವಾಗುತ್ತದೆ.

ಗಾಳ ಹಾಕುವ ದಿನ

ಸರೋವರದಲ್ಲಿ ಬ್ರೌನ್ ಟ್ರೌಟ್, ಪೈಕ್, ಪರ್ಚ್ ಮೀನುಗಳು ವರ್ಷವಿಡೀ ಇರುತ್ತವೆ. ಸಾಲ್ಮನ್ ಮತ್ತು ಸೀ ಟ್ರೌಟ್‌ಗಳು ಸಮುದ್ರದಿಂದ ಕ್ಲೈಡ್ ನದಿಮುಖದ ಮೂಲಕ ಲೆವೆನ್ ನದಿಯನ್ನು ಹತ್ತಿ ಬರುತ್ತವೆ. ಬ್ರೌನ್ ಟ್ರೌಟ್ ಹಿಡಿಯಲು ಕಾನೂನು ಬಿಟ್ಟಿರುವ ಕಾಲ ಮಾರ್ಚ್ 15ರಿಂದ ಅಕ್ಟೋಬರ್ 6ರವರೆಗೆ. ಭಾನುವಾರ ಸಾಲ್ಮನ್ ಮತ್ತು ಸೀ ಟ್ರೌಟ್‌ಗೆ ಗಾಳ ಹಾಕುವಂತಿಲ್ಲ; ಆದ್ದರಿಂದ ವಾರಾಂತ್ಯದ ಪ್ರವಾಸದಲ್ಲಿ ಶನಿವಾರವನ್ನು ಮೀನಿಗೂ ಭಾನುವಾರವನ್ನು ಬೆಟ್ಟಕ್ಕೂ ಮೀಸಲಿಡುವುದು ಸುಲಭದ ಉಪಾಯ, ಗಾಳಿ ಒಪ್ಪಿದರೆ. ಸಾಲ್ಮನ್ ಸಿಕ್ಕರೆ ಇಟ್ಟುಕೊಳ್ಳಬಹುದೇ, ಬಿಡಲೇಬೇಕೇ ಎಂಬುದನ್ನು ಸರ್ಕಾರ ಪ್ರತಿವರ್ಷ ಪ್ರದೇಶವಾರು ಗೊತ್ತುಪಡಿಸುತ್ತದೆ. ಪರ್ಮಿಟ್ ಕೊಡುವವರನ್ನು ಆ ವರ್ಷದ ನಿಯಮವೇನೆಂದು ಕೇಳಿ. ಉತ್ತರ ಏನೇ ಇರಲಿ, ನಾನಂತೂ ಬಿಟ್ಟುಬಿಡುವವರ ಪಕ್ಷ.

ಮೊದಲ ಸಲ ಬರುವವರು ಸ್ವಂತ ಸಲಕರಣೆ ಕೊಳ್ಳುವ ಬದಲು ಒಂದು ದಿನದ ಮಟ್ಟಿಗೆ ಅನುಭವಿ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ. ಟ್ರೌಟ್‌ಗೆ ಇಲ್ಲಿ ಬಳಸುವುದು ಫ್ಲೈ, ಅಂದರೆ ಗರಿ ಮತ್ತು ದಾರದಿಂದ ನೊಣದ ಹಾಗೆ ಕಟ್ಟಿದ ಕೃತಕ ಎರೆ. ದೋಣಿಯನ್ನು ಗಾಳಿಗೆ ಅಡ್ಡಲಾಗಿ ತಿರುಗಿಸಿ, ಹುಟ್ಟುಗಳನ್ನು ಒಳಗೆಳೆದುಕೊಂಡು, ದಡಕ್ಕೆ ಸಮೀಪದ ಆಳವಿಲ್ಲದ ನೀರಿನ ಮೇಲೆ ತೇಲಿಹೋಗುತ್ತ ಗಾಳಿ ಸಾಗುವ ಕಡೆಗೇ ದಾರ ಎಸೆಯಬೇಕು. ಸಾಲ್ಮನ್ ಅರಸುವವರು ದೋಣಿಯನ್ನು ನಿಧಾನವಾಗಿ ನಡೆಸುತ್ತ ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತಾರೆ. ಇದು ತಾಳ್ಮೆಯ ಕೆಲಸ, ಇಡೀ ದಿನ ಏನೂ ಸಿಗದಿರುವುದು ಇಲ್ಲಿ ಸುದ್ದಿಯೇ ಅಲ್ಲ.

ಮೀನು ಸಿಕ್ಕಾಗ ಮಾಡಬೇಕಾದದ್ದನ್ನು ಮೊದಲೇ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳಿ, ಆ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಕೈಬಲೆಯನ್ನು ನೀರಿನಲ್ಲೇ ಮುಳುಗಿಸಿಟ್ಟು ಮೀನನ್ನು ಅದರ ಮೇಲೆ ತನ್ನಿ. ಮುಟ್ಟುವ ಮುನ್ನ ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿಕೊಳ್ಳಿ. ಒಣಗಿದ ಅಂಗೈಗೆ ಮೀನಿನ ಮೈಮೇಲಿನ ಲೋಳೆ ಅಂಟಿಕೊಂಡು ಬಂದರೆ ಅದಕ್ಕೆ ರೋಗ ತಗಲುವ ದಾರಿಯಾಗುತ್ತದೆ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಮಟ್ಟಮಾಡಿದ್ದರೆ ಅದು ಒಂದೇ ತಿರುವಿಗೆ ಕಳಚುತ್ತದೆ. ಆಮೇಲೆ ಮೀನನ್ನು ತಲೆ ಅಲೆಯ ಕಡೆಗಿರುವಂತೆ ನೀರಿನಲ್ಲಿ ಸಡಿಲವಾಗಿ ಹಿಡಿದು ಕಾಯಿರಿ. ಕೆಂಪು ಮತ್ತು ಕಪ್ಪು ಚುಕ್ಕೆಗಳ ಆ ಹೊನ್ನಿನ ಬಣ್ಣದ ಮೈ ಮೊದಲು ಸುಮ್ಮನಿರುತ್ತದೆ, ಕಿವಿರು ನಾಲ್ಕಾರು ಬಾರಿ ತೆರೆದು ಮುಚ್ಚುತ್ತದೆ, ನಂತರ ಬಾಲ ಬೆರಳಿಗೊಮ್ಮೆ ಬಡಿದು ಕೈ ಖಾಲಿಯಾಗುತ್ತದೆ.

ಎರೆಯ ವಿಷಯದಲ್ಲಿ ಈ ಸರೋವರಕ್ಕೆ ಒಂದು ಕಹಿ ನೆನಪಿದೆ. ಪೋವನ್ ಎಂಬ ಬೆಳ್ಳಿಬಣ್ಣದ ಮೀನು ಸ್ಕಾಟ್ಲೆಂಡಿನಲ್ಲಿ ಸ್ವಾಭಾವಿಕವಾಗಿ ಇದ್ದದ್ದು ಲಾಖ್ ಲೋಮಂಡ್ ಮತ್ತು ಲಾಖ್ ಎಕ್ ಎಂಬ ಎರಡೇ ಸರೋವರಗಳಲ್ಲಿ. ಪೈಕ್ ಹಿಡಿಯಲು ಬಂದವರು ಜೀವಂತ ಎರೆಯಾಗಿ ತಂದ ರಫ್ ಎಂಬ ಪುಟ್ಟ ಮೀನುಗಳು ತಪ್ಪಿಸಿಕೊಂಡು ಇಲ್ಲಿ ನೆಲೆಯೂರಿರಬೇಕೆಂದು ತಿಳಿದವರು ಹೇಳುತ್ತಾರೆ. 1982ರಲ್ಲಿ ಮೊದಲು ಕಣ್ಣಿಗೆ ಬಿದ್ದ ಆ ರಫ್ ಕೆಲವೇ ವರ್ಷಗಳಲ್ಲಿ ಹೇರಳವಾಗಿ ಬೆಳೆದು ಪೋವನ್‌ನ ಮೊಟ್ಟೆಗಳನ್ನು ತಿನ್ನತೊಡಗಿತು. ಜೀವಂತ ಮೀನನ್ನು ಎರೆಯಾಗಿ ಬಳಸುವುದು ಈಗ ಸ್ಕಾಟ್ಲೆಂಡಿನ ಸಿಹಿನೀರಿನಲ್ಲಿ ಎಲ್ಲೆಡೆ ನಿಷಿದ್ಧ. ಪೋವನ್‌ಗೆ ಕಾನೂನಿನ ರಕ್ಷಣೆಯಿದೆ. ಅದು ತಪ್ಪಿ ಗಾಳಕ್ಕೆ ಬಿದ್ದರೆ ಫೋಟೋಕ್ಕೂ ಎತ್ತಿ ಹಿಡಿಯದೆ ಕೂಡಲೇ ಬಿಡಬೇಕು. ಬೇರೆ ದೇಶದಲ್ಲಿ, ವಿಶೇಷವಾಗಿ ನಾರ್ವೆಯಂಥ ಕಡೆ, ಬಳಸಿದ ಬಲೆ ಮತ್ತು ಬೂಟುಗಳನ್ನು ತೊಳೆದು ಪೂರ್ತಿ ಒಣಗಿಸದೆ ಇಲ್ಲಿಗೆ ತರಬಾರದು, ಏಕೆಂದರೆ ಅಲ್ಲಿನ ನದಿಗಳಲ್ಲಿ ಸಾಲ್ಮನ್ ಸಂತತಿಯನ್ನೇ ನಾಶಮಾಡಿದ ಪರೋಪಜೀವಿಯೊಂದು ಬ್ರಿಟನ್ನಿಗೆ ಇನ್ನೂ ಬಂದಿಲ್ಲ.

ಹುಟ್ಟು ಹಾಕುವ ದಿನ

ಬಾಲ್ಮಹಾದಲ್ಲಿ ಹುಟ್ಟಿನ ದೋಣಿಯೂ ಸಣ್ಣ ಮೋಟಾರಿನ ದೋಣಿಯೂ ಬಾಡಿಗೆಗೆ ಸಿಗುತ್ತವೆ. ಸ್ವಂತ ಮೋಟಾರು ದೋಣಿ ತರುವವರು ಅದನ್ನು ರಾಷ್ಟ್ರೀಯ ಉದ್ಯಾನದಲ್ಲಿ ನೋಂದಾಯಿಸಲೇಬೇಕು. ಹರಿಗೋಲು ಬಿಟ್ಟರೆ ಬೇರೆ ದೋಣಿ ಹತ್ತದವರು ಒಂದು ಸಂಗತಿಗೆ ಮನಸ್ಸನ್ನು ಸಿದ್ಧಮಾಡಿಕೊಳ್ಳಬೇಕು. ಇಲ್ಲಿ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆ. ಆದ್ದರಿಂದ ಹಿಂಬದಿಯ ಆಸನದಲ್ಲಿ ಕುಳಿತವರೇ ಕಣ್ಣಾಗಿ ಎಡ, ಬಲ ಎಂದು ಹೇಳುತ್ತಿರಬೇಕು, ಮತ್ತು ‘ಎಡ’ ಎಂದರೆ ಯಾರ ಎಡ ಎಂಬುದನ್ನು ದಡ ಬಿಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಮೊದಲ ವರ್ಷ ನಾನು ನನ್ನ ಭಾವನನ್ನು ಕೂರಿಸಿಕೊಂಡು ಹೊರಟಾಗ ಗಾಳಿ ಬೆನ್ನಿಗಿತ್ತು. ನಾಲ್ಕು ಬಾರಿ ಹುಟ್ಟು ಎಳೆದರೆ ದೋಣಿ ತಾನೇ ಓಡುತ್ತಿದ್ದದ್ದನ್ನು ಕಂಡು ‘ಇಷ್ಟೇನಾ!’ ಎಂದುಕೊಂಡೆವು. ತಿರುಗಿ ಬರುವಾಗ ಹದಿನೈದು ನಿಮಿಷದ ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು. ಅಂಗೈಯಲ್ಲಿ ಎದ್ದ ಬೊಬ್ಬೆಗಳನ್ನು ಭಾವ ಊರಿಗೆ ಹೋದಮೇಲೂ ಎಲ್ಲರಿಗೂ ತೋರಿಸಿದರು. ಅಂದಿನಿಂದ ನನ್ನ ನಿಯಮ ಒಂದೇ: ಮೈಯಲ್ಲಿ ಕಸುವಿರುವಾಗ ಗಾಳಿಗೆ ಎದುರಾಗಿ ಹೊರಡಬೇಕು, ದಣಿದಾಗ ಗಾಳಿಯೇ ಮನೆಗೆ ತಳ್ಳುವಂತಿರಬೇಕು.

ಲೈಫ್ ಜಾಕೆಟ್ ಈಜು ಬಲ್ಲವರಿಗೂ ಬೇಕು. ಬೇಸಿಗೆಯಲ್ಲೂ ಇಲ್ಲಿನ ನೀರು ಎಷ್ಟು ತಣ್ಣಗಿರುತ್ತದೆಂದರೆ ಬಿದ್ದ ಕ್ಷಣದಲ್ಲಿ ಉಸಿರು ತಾನಾಗಿ ಒಳಗೆಳೆದುಕೊಳ್ಳುತ್ತದೆ, ಆಗ ಬಾಯಿ ನೀರಿನೊಳಗಿದ್ದರೆ ಮುಳುಗುವುದಕ್ಕೆ ಅಷ್ಟೇ ಸಾಕು. ಕಾವೇರಿಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಿದ್ದರೆ ಮೊದಲ ಒಂದೆರಡು ನಿಮಿಷ ಈಜಲು ಹೋಗದೆ ಅಂಗಾತ ತೇಲಿಕೊಂಡು ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು. ದಡದಲ್ಲಿ ಮೊಣಕಾಲುದ್ದ ನೀರಿನಲ್ಲಿ ಆಡುವ ಮಕ್ಕಳ ಮೇಲೂ ಕಣ್ಣಿರಲಿ. ಕೆಲವೆಡೆ ತಳ ಒಂದು ಹೆಜ್ಜೆಯಲ್ಲೇ ಕಡಿದುಬಿದ್ದಂತೆ ಆಳಕ್ಕಿಳಿಯುತ್ತದೆ. ಅವಘಡವಾದರೆ 999ಕ್ಕೆ ಕರೆ ಮಾಡಿ.

ಬಾಲ್ಮಹಾದ ಎದುರಿಗೇ ಇರುವ ಇಂಚ್‌ಕಾಲಖ್ ದ್ವೀಪ ಮೊದಲ ಪಯಣಕ್ಕೆ ತಕ್ಕ ಗುರಿ. ಹುಟ್ಟು ಹಾಕಲು ಮನಸ್ಸಿಲ್ಲದವರಿಗೆ ಕೆಲವೇ ನಿಮಿಷಗಳಲ್ಲಿ ದಾಟಿಸುವ ದೋಣಿಯೂ ಇದೆ. ಎಂಟನೆಯ ಶತಮಾನದ ಸಂತ ಕೆಂಟಿಗರ್ನಾ ಇಲ್ಲಿ ನೆಲೆಸಿದ್ದಳೆಂದು ಪ್ರತೀತಿ. ಚರ್ಚಿನ ಪಾಯವೂ ಪಾಚಿಗಟ್ಟಿದ ಸಮಾಧಿಕಲ್ಲುಗಳೂ ಓಕ್ ಮರಗಳ ನಡುವೆ ಉಳಿದಿವೆ. ಮೇ ತಿಂಗಳಲ್ಲಿ ಆ ಮರಗಳ ಬುಡದಲ್ಲೆಲ್ಲ ನೀಲಿ ಬ್ಲೂಬೆಲ್ ಹೂಗಳು ಹಾಸಿಕೊಳ್ಳುತ್ತವೆ. ದ್ವೀಪವನ್ನು ಸುತ್ತಲು ಎರಡು ಗಂಟೆ ಸಾಕು. ಅಲ್ಲಿ ಕುಡಿಯುವ ನೀರಾಗಲಿ ಅಂಗಡಿಯಾಗಲಿ ಇಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಿ, ಕಸವನ್ನು ಅದೇ ಚೀಲದಲ್ಲಿ ಹಿಂದಕ್ಕೆ ತನ್ನಿ.

ನಡೆಯುವ ದಿನ

ಕಾನಿಕ್ ಹಿಲ್ ಬರೀ 361 ಮೀಟರ್ ಎತ್ತರದ ಗುಡ್ಡ, ಬಾಲ್ಮಹಾದ ವಾಹನ ನಿಲ್ದಾಣದಿಂದಲೇ ದಾರಿ ಶುರುವಾಗುತ್ತದೆ. ಮಿಲ್‌ಗಾಯ್‌ನಿಂದ ಫೋರ್ಟ್ ವಿಲಿಯಮ್‌ವರೆಗೆ 154 ಕಿಲೋಮೀಟರ್ ಸಾಗುವ ವೆಸ್ಟ್ ಹೈಲ್ಯಾಂಡ್ ವೇ ಎಂಬ ಪ್ರಸಿದ್ಧ ಕಾಲುದಾರಿಯ ಭಾಗವಿದು. ಹತ್ತಿ ಇಳಿಯಲು ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮೆಟ್ಟಿಲುಗಳು ಮುಗಿದ ಮೇಲೆ ಸಿಗುವ ಬಂಡೆಯನ್ನು ಬಗ್ಗಿ ನೋಡಿ: ಉರುಟು ಗುಂಡುಕಲ್ಲುಗಳನ್ನು ಕೆಂಪು ಗಾರೆಯಲ್ಲಿ ಕಲಸಿ ಹಾಕಿದಂತಿರುತ್ತದೆ, ಯಾರೋ ಮೇಸ್ತ್ರಿ ಕಾಂಕ್ರೀಟು ಹಾಕಿ ಹೋದ ಹಾಗೆ. ತುದಿಯಲ್ಲಿ ನಿಂತು ನೈರುತ್ಯಕ್ಕೆ ತಿರುಗಿದರೆ ಇಂಚ್‌ಕಾಲಖ್, ಟೊರಿಂಚ್, ಕ್ರೀಂಚ್, ಇಂಚ್‌ಮರಿನ್ ದ್ವೀಪಗಳು ಒಂದೇ ಗೆರೆಯಲ್ಲಿ ಕಾಣುತ್ತವೆ. ಆರಂಭದಲ್ಲಿ ಹೇಳಿದ ಭೂಸ್ತರಭಂಗ ಅದೇ. ಭೂವಿಜ್ಞಾನದ ಪುಸ್ತಕದಲ್ಲಿ ಗೀಟು ಎಳೆದು ತೋರಿಸುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಒಂದೇ ಬೆಟ್ಟ ಹತ್ತುವಷ್ಟು ಸಮಯವಿರುವವರಿಗೆ ನಾನು ಇದನ್ನೇ ಹೇಳುವುದು.

ಬೆನ್ ಲೋಮಂಡ್ ಬೇರೆಯದೇ ಮಾತು. ಅದೇ ಪೂರ್ವದಡದಲ್ಲಿ ಬಾಲ್ಮಹಾದ ಉತ್ತರಕ್ಕಿರುವ ರೋವರ್ಡೆನನ್‌ನಿಂದ ಹೋಗಿಬರಲು 12 ಕಿಲೋಮೀಟರ್, ಶಿಖರ 974 ಮೀಟರ್, ಐದು ಗಂಟೆಯ ಕೆಲಸ. ದಡದಲ್ಲಿ ಬಿಸಿಲಿದ್ದರೂ ಮೇಲೆ ಮಂಜು ಮುಚ್ಚಿ ಹತ್ತು ಹೆಜ್ಜೆ ಮುಂದಿನ ದಾರಿ ಕಾಣದಂತಾಗುತ್ತದೆ. ನಕಾಶೆ, ದಿಕ್ಸೂಚಿ, ಮಳೆಯಂಗಿ, ಒಂದು ಹೆಚ್ಚಿನ ಸ್ವೆಟರ್ ಇಲ್ಲದೆ ಹತ್ತಬೇಡಿ. ಮೊಬೈಲ್ ಸಿಗ್ನಲ್ಲನ್ನು ನಂಬಬೇಡಿ. ಹಿಮ ಬಿದ್ದ ತಿಂಗಳುಗಳಲ್ಲಿ ಇದು ತರಬೇತಿ ಇದ್ದವರ ಬೆಟ್ಟ.

ಗಾಳಿ ಜೋರಿರುವ ದಿನಕ್ಕೆ ರೋವರ್ಡೆನನ್‌ನಿಂದ ಇನ್ವರ್ಸ್ನೇಡ್‌ವರೆಗಿನ ದಡದ ದಾರಿ ಇದೆ. ಸುಮಾರು 11 ಕಿಲೋಮೀಟರ್, ಓಕ್ ಕಾಡಿನ ನೆರಳು, ಕೊನೆಗೊಂದು ಜಲಪಾತ. ಇನ್ವರ್ಸ್ನೇಡ್‌ನಿಂದ ಬೇಸಿಗೆಯಲ್ಲಿ ಪಶ್ಚಿಮದಡಕ್ಕೆ ಬೋಟ್ ಸಿಗುತ್ತದಾದರೂ ಅದೇ ಗಾಳಿ ಅದನ್ನೂ ನಿಲ್ಲಿಸಬಹುದು. ಹೊರಡುವ ಮುನ್ನ ವಿಚಾರಿಸಿಕೊಳ್ಳದಿದ್ದರೆ ಬಂದ ದಾರಿಯಲ್ಲೇ ಹಿಂತಿರುಗಿ ನಡೆಯಬೇಕಾದೀತು.

ಕೋಣೆಗೆ ಮರಳಿದ ಮೇಲೆ ಸ್ನಾನಕ್ಕೆ ಮುನ್ನ ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿಯ ಬಳಿ, ಕಂಕುಳಲ್ಲಿ ಉಣ್ಣೆ ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ನಮ್ಮೂರಿನ ದನಗಳ ಮೈಮೇಲಿನ ಉಣ್ಣೆಯ ಬಳಗವೇ, ಆದರೆ ಎಳ್ಳುಕಾಳಿನಷ್ಟು ಚಿಕ್ಕದು, ಲೈಮ್ ಎಂಬ ರೋಗವನ್ನು ಹರಡಬಲ್ಲದು. ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ಹಿಸುಕದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಬಳೆಯಂತೆ ಹರಡತೊಡಗಿದರೆ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಊರಿಗೆ ಮರಳಿದ್ದರೆ, ಸ್ಕಾಟ್ಲೆಂಡಿನ ಕಾಡಿನಲ್ಲಿ ನಡೆದಿದ್ದೆ ಎಂಬುದನ್ನು ಅಲ್ಲಿನ ವೈದ್ಯರಿಗೆ ನೀವಾಗಿಯೇ ಹೇಳಬೇಕು. ಅವರಾಗಿ ಕೇಳುವ ಪ್ರಶ್ನೆ ಅದಲ್ಲ.